ಸೀರೆಗೊಂದು ಹೋಲ್ಸ್ಟರ್

ನನ್ನ ಹೆಸರಿಗೆ ರಿವಾಲ್ವರಿನ ಲೈಸೆನ್ಸು ಬಂದ ದಿನ ನಮ್ಮ ಅತ್ತೆ ಹೋಳಿಗೆ ಮಾಡಿದರು. ಮನೆಯಲ್ಲಿ ಯಾರಿಗೆ ಏನು ಒಳ್ಳೆಯದಾದರೂ ಅವರದು ಅದೊಂದೇ ಪದ್ಧತಿ. ಮಗ ಹತ್ತನೆಯ ತರಗತಿ ಪಾಸಾದಾಗ ಹೋಳಿಗೆ, ಹೊಸ ಫ್ರಿಜ್ ಬಂದಾಗ ಹೋಳಿಗೆ, ಈಗ ಸೊಸೆಗೆ ಪಿಸ್ತೂಲು ಬಂತೆಂದೂ ಹೋಳಿಗೆ. ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ, "ಇನ್ನ ನೀ ಇನ್ಸ್‌ಪೆಕ್ಟರ ಆದಿ ನೋಡವಾ, ನನ್ನ ಮಾತ ಎಲ್ಲಿ ಕೇಳ್ತಿ" ಎಂದರು. ನಾನು ನಕ್ಕೆ. ಆದರೆ ಹೊಟ್ಟೆಯೊಳಗೆ ಹೋಳಿಗೆ ಇಳಿಯುವಷ್ಟು ಜಾಗವಿರಲಿಲ್ಲ. ಅಷ್ಟು ಭಯ ತುಂಬಿಕೊಂಡಿತ್ತು.

ನಮ್ಮದು ಮಹಾರಾಷ್ಟ್ರದ ಗಡಿಯೊಳಗಿನ ಗಡಹಿಂಗ್ಲಜದ ಪೇಟೆಯಲ್ಲಿ ಬೆಳ್ಳಿ ಬಂಗಾರದ ಸಣ್ಣ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಒಳಗೆ ಕನ್ನಡ, ಗಿರಾಕಿಯ ಮುಂದೆ ಅವರವರಂತೆ ಕನ್ನಡ ಇಲ್ಲವೆ ಮರಾಠಿ. ನಮ್ಮ ಗಿರಾಕಿಗಳೆಲ್ಲ ಹೆಚ್ಚಾಗಿ ಹಳ್ಳಿಯ ಒಕ್ಕಲಿನವರು. ಮದುವೆಯ ಒಡವೆಯನ್ನು ಅವರ ಮನೆಗೇ ಒಯ್ದು, ಮನೆಯ ಹೆಂಗಸರೆಲ್ಲರ ಕೈಯಲ್ಲಿಟ್ಟು, ಒಪ್ಪಿಸಿ ಬರುವುದು ಮಾವನವರ ಕಾಲದಿಂದ ನಡೆದು ಬಂದ ರೂಢಿ. ಒಂದು ದಿನ ನೂಲ, ಒಂದು ದಿನ ಚಂದಗಡ, ಒಂದು ದಿನ ಜಯಸಿಂಗಪುರದಾಚೆಯ ಉದಗಾಂವ. ವಾರಕ್ಕೊಮ್ಮೆ ಮಾಲು ತರಲು ಕೊಲ್ಹಾಪುರ. ಇಪ್ಪತ್ತು ವರ್ಷ ಈ ತಿರುಗಾಟವನ್ನೆಲ್ಲ ಮಾಡಿದವರು ನನ್ನ ಗಂಡ. ಅವರ ಸೊಂಟದಲ್ಲಿ ಅಂಗಿಯ ಕೆಳಗೆ ಮೂವತ್ತೆರಡು ಬೋರಿನ ರಿವಾಲ್ವರು ಇರುತ್ತಿತ್ತು. ಒಂದು ಸಲವೂ ಅದನ್ನು ಹೊರಗೆ ತೆಗೆಯುವ ಪ್ರಸಂಗ ಬಂದಿರಲಿಲ್ಲ.

ಆಮೇಲೆ ಅವರ ಬೆನ್ನಿನ ಆಪರೇಷನ್ ಆಯಿತು. ಇನ್ನು ಮೇಲೆ ಗಾಡಿಯಲ್ಲಿ ತಾಸುಗಟ್ಟಲೆ ಕೂರುವಂತಿಲ್ಲ, ಸೊಂಟಕ್ಕೆ ಭಾರ ಕಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದರು. ಮಗ ಪುಣೆಯಲ್ಲಿ ಓದುತ್ತಿದ್ದ. ಉಳಿದವಳು ನಾನು. ಕಾರು ಓಡಿಸಲು ಬರುತ್ತಿತ್ತು, ಒಡವೆ ತೋರಿಸಲು ಅವರಿಗಿಂತ ಚೆನ್ನಾಗಿ ಬರುತ್ತಿತ್ತು. "ತಿರುಗಾಟ ನಾ ಮಾಡ್ತೇನಿ" ಎಂದೆ. ಅವರು ಮರುದಿನ ಹೇಳಿದರು: "ಹಂಗಾರ ರಿವಾಲ್ವರನೂ ನಿನ್ನ ಹೆಸರಿಗೆ ಆಗಬೇಕು."

ಅರ್ಜಿ, ಪೊಲೀಸರ ವಿಚಾರಣೆ, ಡಾಕ್ಟರರ ಸರ್ಟಿಫಿಕೇಟು, ಮತ್ತೆ ವಿಚಾರಣೆ ಎಂದು ತಿಂಗಳುಗಟ್ಟಲೆ ಹಿಡಿಯಿತು. ಮೊದಲು ತರಬೇತಿ ಬೇರೆ ಆಗಬೇಕಿತ್ತು. ಅದಕ್ಕಾಗಿ ಕೊಲ್ಹಾಪುರದಲ್ಲಿ ಗುರಿ ಹೊಡೆಯುವುದನ್ನು ಕಲಿಸುವ ಒಬ್ಬ ನಿವೃತ್ತ ಸುಬೇದಾರರ ಹತ್ತಿರ ಹೋದೆ. ಚಂದಗಡದ ಕಡೆಯ ಹಳ್ಳಿಯವರು, ಎತ್ತರದ ಆಳು, ಕನ್ನಡ ಮಾತಾಡಲು ಯಾರಾದರೂ ಸಿಕ್ಕರೆ ಅವರಿಗೆ ಹಬ್ಬ. ಮೊದಲ ದಿನ ನಾನು ಕಣ್ಣು ಮುಚ್ಚಿಕೊಂಡೇ ಕುದುರೆ, ಅಂದರೆ ಟ್ರಿಗರ್, ಎಳೆದೆ. ಗುಂಡು ಎಲ್ಲಿ ಹೋಯಿತೋ ಆ ದೇವರೇ ಬಲ್ಲ. ಸುಬೇದಾರರು ಸಮಾಧಾನವಾಗಿ ಹೇಳಿದರು: "ಅಕ್ಕಾರ, ಕಣ್ಣ ಮುಚ್ಚಿದ್ರ ದೇವರು ಕಾಣ್ತಾನ, ಗುರಿ ಕಾಣಂಗಿಲ್ಲ."

ಕೆಲವು ವಾರಗಳಲ್ಲಿ ಗುರಿ ಕಾಣತೊಡಗಿತು. ಕಾಗದದ ಮೇಲೆ ಆರಕ್ಕೆ ನಾಲ್ಕು, ಒಮ್ಮೊಮ್ಮೆ ಐದು ಬೀಳುತ್ತಿದ್ದವು. ನನಗೇ ನನ್ನ ಬಗ್ಗೆ ಹೆಮ್ಮೆ ಬಂದ ಒಂದು ದಿನ ಸುಬೇದಾರರು ಎದುರಿಗೆ ಕೂತು ಬೇರೆಯೇ ಪಾಠ ಶುರುಮಾಡಿದರು.

"ಹೊಡೆಯೂದು ಒಂದ ಕ್ಷಣದ ಮಾತ್ರಿ. ಆ ಕ್ಷಣ ಬರದಿದ್ರ ಭಾಳ ಚಲೋ. ಆದ್ರ ಇಟ್ಕೊಳ್ಳೂದು ದಿನಾ ಹತ್ತ ತಾಸಿನ ಮಾತು. ಅದನ್ನ ಕಲೀರಿ. ಯಾರಿಗೂ ಕಾಣಬಾರ್ದು, ಅದು ಕಾಯ್ದೆ. ಕುದುರಿ ಪೂರ್ತಿ ಮುಚ್ಚಿರಬೇಕು, ಅದು ಜೀವದ ಮಾತು. ನೀವು ಓಡ್ರಿ, ಬಗ್ಗ್ರಿ, ಬೀಳ್ರಿ, ಅದು ಇದ್ದಲ್ಲೇ ಇರಬೇಕು. ಇಷ್ಟೆಲ್ಲಾ ಆಗೂತನಾ ಗುಂಡ ತುಂಬೂದು ಬ್ಯಾಡ. ಬರೇ ಕಬ್ಬಿಣ ಇಟ್ಕೊಂಡ ತಿರಗ್ಯಾಡ್ರಿ."

"ಎಲ್ಲಿ ಇಟ್ಕೊಳ್ಳಿ ಸಾಹೇಬ್ರ?" ಎಂದೆ.

ಅವರು ನನ್ನ ಸೀರೆಯನ್ನು ಒಮ್ಮೆ ನೋಡಿದರು. ಫೌಜಿನಲ್ಲಿ ಮೂವತ್ತು ವರ್ಷ ಕಳೆದ ಮನುಷ್ಯ ತಲೆ ಕೆರೆದುಕೊಂಡರು. "ಅದು ಮಾತ್ರ ನನಗ ಗೊತ್ತಿಲ್ರಿ" ಎಂದರು.

ಲೈಸೆನ್ಸು ಬಂದು, ಹೋಳಿಗೆಯ ಊಟ ಮುಗಿದ ಮರುದಿನದಿಂದಲೇ ನನ್ನ ಹುಡುಕಾಟ ಶುರುವಾಯಿತು. ರಿವಾಲ್ವರು ಇಡುವ ಗಂಡನ ಹಳೆಯ ಚರ್ಮದ ಚೀಲ, ಅಂದರೆ ಹೋಲ್ಸ್ಟರು, ಇಪ್ಪತ್ತು ವರ್ಷದ ಬೆವರು ಕುಡಿದು ಹಲಗೆಯಾಗಿತ್ತು. ಅದನ್ನು ಪ್ಯಾಂಟಿನ ಬೆಲ್ಟಿಗೆ ಸಿಗಿಸಬೇಕು. ಸೀರೆಗೆ ಬೆಲ್ಟೆಲ್ಲಿ? ಕೊಲ್ಹಾಪುರದ ಬಂದೂಕಿನ ಅಂಗಡಿಯವನು ತೋರಿಸಿದ ಹೊಸವೆಲ್ಲ ಗಂಡಸರ ಸೊಂಟಕ್ಕೇ ಮಾಡಿದವು. ಒಂದು ಹೆಗಲಿಗೆ ಹಾಕುವುದು, ಅದರ ಮೇಲೆ ಕೋಟು ಬೇಕು. ಇನ್ನೊಂದು ಕಾಲಿನ ಗಂಟಿಗೆ ಕಟ್ಟುವುದು. ಅದನ್ನು ಕಟ್ಟಿ ನಾಲ್ಕು ಹೆಜ್ಜೆ ನಡೆದಾಗ ಹಗ್ಗ ಕಟ್ಟಿದ ಎಮ್ಮೆಯ ನಡಿಗೆ ಬಂತು. ಕೊನೆಗೆ ಬೇಸರಪಟ್ಟು ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದೆ. ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡೆ.

ಬ್ಯಾಗಿನ ಸುಖ ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಕಾರು ಗ್ಯಾರೇಜಿನಲ್ಲಿತ್ತು. ನೂಲಕ್ಕೆ ಹೋಗಲೇಬೇಕಿತ್ತು. ಒಡವೆ ಇಲ್ಲ, ಬರೀ ಬೆರಳಿನ ಅಳತೆ ತರುವುದಿತ್ತು. ರೂಢಿಗೆಂದು ರಿವಾಲ್ವರು ಬ್ಯಾಗಿನಲ್ಲಿಟ್ಟುಕೊಂಡೇ ವಡಾಪ್ ಹತ್ತಿದೆ. ನಮ್ಮ ಕಡೆ ಸೀಟಿನ ಲೆಕ್ಕದಲ್ಲಿ ಜನರನ್ನು ತುಂಬಿಕೊಂಡು ಓಡುವ ಜೀಪಿಗೆ ವಡಾಪ್ ಎನ್ನುತ್ತಾರೆ. ಒಳಗೆ ಕಾಲಿಡಲು ಜಾಗವಿಲ್ಲ. ನಾನು ಬಗ್ಗಿ, ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದರಲ್ಲಿ ಬ್ಯಾಗು ಹಿಡಿದು ಒಂಟಿಗಾಲಿನಲ್ಲಿದ್ದೆ. ಕುಳಿತಿದ್ದ ಒಬ್ಬ ತಾಯಿಗೆ ನನ್ನ ಮೇಲೆ ಕರುಣೆ ಹುಟ್ಟಿತು.

"ಕೊಡ್ರಿ ಇಲ್ಲೆ, ನಾ ಹಿಡ್ಕೋತೇನಿ" ಎಂದವಳೇ ಬ್ಯಾಗು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು.

ನನ್ನ ಜೀವ ಬಾಯಿಗೆ ಬಂತು. "ಬ್ಯಾಡ್ರಿ, ಬ್ಯಾಡ್ರಿ" ಎಂದರೆ, "ಇರ್ಲಿ ಬಿಡ್ರಿ, ನಾ ಏನ ಒಯ್ತೇನು?" ಎಂದು ನಕ್ಕಳು. ಆಮೇಲೆ ಬ್ಯಾಗನ್ನು ಕೈಯಲ್ಲಿ ತೂಗಿ ನೋಡಿ, "ಏನ್ರಿಯವಾ ಇದು, ಇಷ್ಟ ವಜ್ಜಿ?" ಎಂದಳು.

"ಬೆಲ್ಲ ಐತ್ರಿ" ಎಂದೆ. ಬಾಯಿಗೆ ಬಂದದ್ದು ಅದು.

"ಯಾ ಗಾಣದ್ದು?"

ಮುಂದಿನ ಅರ್ಧ ತಾಸು ಇಡೀ ಜೀಪು ಬೆಲ್ಲದ ಚರ್ಚೆ ಮಾಡಿತು. ಯಾವ ಗಾಣದ ಬೆಲ್ಲ ಕೆಂಪು, ಯಾವುದಕ್ಕೆ ಪುಡಿ ಹಾಕುತ್ತಾರೆ, ಯಾವುದು ಮಳೆಗಾಲದಲ್ಲಿ ನೀರು ಬಿಡುವುದಿಲ್ಲ ಎಂದು ಒಬ್ಬೊಬ್ಬರೂ ಹೇಳಿದರು. ನಾನು ಹೂಂಗುಟ್ಟುತ್ತ ಆ ತಾಯಿಯ ತೊಡೆಯನ್ನೇ ನೋಡುತ್ತಿದ್ದೆ. ಗುಂಡು ತುಂಬಿರಲಿಲ್ಲವೆಂದು ಗೊತ್ತಿದ್ದರೂ ಮೈಯೆಲ್ಲ ಬೆವರು. ಇಳಿಯುವಾಗ ಆಕೆ, "ಒಂದ ತುಣುಕ ರುಚಿ ನೋಡೂಣ ಅಂದ್ರ ನೀವು ಕೊಡಲೇ ಇಲ್ಲ" ಎಂದು ಮುನಿಸಿನಿಂದ ಬ್ಯಾಗು ಮರಳಿಸಿದಳು.

ಆ ವಾರ ಸುಬೇದಾರರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಮೈಮ್ಯಾಲೆ ಇರಬೇಕ್ರಿ ಅಕ್ಕಾರ. ಕೈಯಾಗಿನ ವಸ್ತು ಮಂದಿ ಕೈಗೆ ಹೋಗ್ತೈತಿ" ಎಂದರು. ಸರಿ ಎಂದು, ಗಂಡನ ಸೊಂಟದ ಬೆಲ್ಟಿಗೆ ಇನ್ನೆರಡು ತೂತು ಕೊರೆದು, ಸೀರೆಯೊಳಗಿನ ಪರಕರದ ಮೇಲೆ ಬಿಗಿದು, ಅದಕ್ಕೊಂದು ನೈಲಾನಿನ ಹೋಲ್ಸ್ಟರು ಸಿಗಿಸಿ, ಮೇಲೆ ಸೀರೆ ಉಟ್ಟೆ. ಕನ್ನಡಿಯಲ್ಲಿ ಎಲ್ಲ ಕಡೆಯಿಂದ ನೋಡಿಕೊಂಡೆ. ಏನೂ ಕಾಣಲಿಲ್ಲ. ಗೆದ್ದೆ ಎಂದುಕೊಂಡು ಉದಗಾಂವಕ್ಕೆ ಹೊರಟೆ.

ಉದಗಾಂವದ ಮನೆಯಲ್ಲಿ ಮೊಮ್ಮಗಳ ಮದುವೆಗೆ ಒಡವೆ ಮಾಡಿಸಿದ್ದರು. ಮನೆಯ ಯಜಮಾನತಿ ಎಂಬತ್ತರ ಹತ್ತಿರದ ಅಜ್ಜಿ. ಒಡವೆ ಒಪ್ಪಿಸಿದ ಮೇಲೆ ಊಟಕ್ಕೆ ಹಿಡಿದುಕೊಂಡರು. ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ರೊಟ್ಟಿ, ಎಣ್ಣೆಗಾಯಿ, ಮೊಸರು ಎಂದು ಹೊಟ್ಟೆ ಬಿರಿಯುವಂತೆ ಉಂಡೆ. ಉಂಡು ಎದ್ದು ನಿಂತೆ, ಅಷ್ಟೇ. ಬೆಲ್ಟು ಸೊಂಟ ಬಿಟ್ಟು ಹೊರಟಿತು. ಮೆಲ್ಲಗೆ, ಸೀರೆಯೊಳಗೆ, ತೊಡೆ ದಾಟಿ ಮೊಣಕಾಲಿನ ತನಕ ಇಳಿದು ಬಂತು. ನಾನು ಎರಡೂ ಮೊಣಕಾಲು ಒತ್ತಿ ಹಿಡಿದು ಕಂಬದಂತೆ ನಿಂತುಬಿಟ್ಟೆ.

"ಯಾಕವಾ, ಏನಾತು?" ಎಂದರು ಅಜ್ಜಿ.

"ಕಾಲ... ಕಾಲ ಹಿಡದೈತ್ರಿ."

"ಬಾ ಇಲ್ಲೆ, ಮಲಕ್ಕೋ. ಏ, ಎಣ್ಣಿ ಬಿಸಿ ಮಾಡ್ಕೊಂಡ ಬರ್ರೇ!" ಎಂದು ಸೊಸೆಯರಿಗೆ ಕೂಗಿದರು. ನನ್ನ ಸೀರೆಯ ಅಂಚಿಗೆ ಕೈ ಹಾಕಿದರು.

"ಬ್ಯಾಡ್ರಿ ಅಜ್ಜಿ! ಬಚ್ಚಲಕ್ಕ ಹೋಗಿ ಬಂದ್ರ ಆರಾಮ ಆಗ್ತೈತಿ."

ಬಚ್ಚಲಿರುವುದು ಹಿತ್ತಲಿನ ಆ ತುದಿಗೆ. ಮೊಣಕಾಲು ಬಿಡಿಸದೆ, ಗೇಣು ಗೇಣು ಹೆಜ್ಜೆ ಇಡುತ್ತ ಹೊರಟೆ. ಒಂದು ತೋಳು ಅಜ್ಜಿ ಹಿಡಿದರು, ಇನ್ನೊಂದನ್ನು ಹಿರಿಯ ಸೊಸೆ ಹಿಡಿದಳು, ಹಿಂದೆ ಎಣ್ಣೆಯ ಬಟ್ಟಲು ಹಿಡಿದು ಕಿರಿಯ ಸೊಸೆ. ಮೆರವಣಿಗೆಯೇ ನಡೆಯಿತು. ಅವರು, "ಪಾಪ, ಭಾಳ ತ್ರಾಸ ಆಗಾಕತ್ತೈತಿ" ಎಂದಷ್ಟೂ ನನಗೆ ನಗು ಉಕ್ಕಿ ಬರುತ್ತಿತ್ತು. ಅದನ್ನು ತಡೆಯಲು ಹಲ್ಲು ಕಚ್ಚಿದರೆ ನೋವಿಗೆ ಹಾಗೆ ಮಾಡುತ್ತಿದ್ದೇನೆಂದು ಅವರು ಇನ್ನೂ ಕನಿಕರಪಟ್ಟರು. ಅಂತೂ ಬಚ್ಚಲು ಸೇರಿ, ಬಾಗಿಲು ಹಾಕಿ, ಬೆಲ್ಟು ಕಳಚಿ, ಹೋಲ್ಸ್ಟರನ್ನು ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಹಿಡಿದು, ಸರಸರ ನಡೆಯುತ್ತ ಹೊರಗೆ ಬಂದೆ.

ಅಜ್ಜಿ ಕಣ್ಣರಳಿಸಿದರು. "ಗುಣ ಆತೇನ?"

"ಪೂರ್ತಿ ಆತ್ರಿ."

"ನೋಡ್ರೇ! ನಮ್ಮ ಬಚ್ಚಲದಾಗ ಇಂಥಾ ಗುಣ ಐತಿ ಅಂತ ನಮಗs ಗೊತ್ತಿರ್ಲಿಲ್ಲ" ಎಂದರು ಅವರು ಸೊಸೆಯರಿಗೆ.

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಗಂಡ ಬೆನ್ನು ಹಿಡಿದುಕೊಂಡು ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು. ನಗು ನಿಂತ ಮೇಲೆ ಅತ್ತೆ ಎದ್ದು ಅಂಗಡಿಗೆ ಹೋಗಿ ಒಂದು ಬೆಳ್ಳಿಯ ಡಾಬು ತಂದರು. ಹೆಂಗಸರು ಸೀರೆಯ ಮೇಲೆ ನಡುವಿಗೆ ಕಟ್ಟುವ ಪಟ್ಟಿ, ಕೈಯಲ್ಲಿ ಹಿಡಿದರೆ ಒಳ್ಳೆಯ ಭಾರ.

"ನಿಂದ್ರು" ಎಂದು ಅದನ್ನು ನನ್ನ ನಡುವಿಗೆ ಕಟ್ಟಿದರು. "ಈಗ ಕುಂದ್ರು. ಏಳು. ಬಗ್ಗು. ಜಾರ್ತೇನ?"

ಜಾರಲಿಲ್ಲ.

"ಇದು ಎಲ್ಲಿ ಕುಂತೈತಿ ನೋಡು. ಗಂಡಸರ ಬೆಲ್ಟ ಹೊಟ್ಟಿ ಕೆಳಗ ಕುಂದ್ರತೈತಿ. ಹೆಣ್ಮಕ್ಕಳ ಡಾಬು ಟೊಂಕದ ಎಲುವಿನ ಮ್ಯಾಲೆ ಕುಂದ್ರತೈತಿ. ಇಷ್ಟ ವರ್ಷ ಡಾಬು ಮಾರಿ, ಇಷ್ಟೂ ತಿಳೀಲಿಲ್ಲೇನ ನಿನಗ?"

ಎಷ್ಟು ಮದುಮಕ್ಕಳ ನಡುವಿನ ಅಳತೆಯನ್ನು ನಾನೇ ತೆಗೆದುಕೊಂಡಿದ್ದೆ! ಭಾರವಾದ ವಸ್ತು ಹೆಂಗಸಿನ ಮೈಮೇಲೆ ಎಲ್ಲಿ ಕೂತರೆ ದಿನವಿಡೀ ನೋಯುವುದಿಲ್ಲ ಎಂಬುದು ನಮ್ಮ ಕಸುಬೇ ಆಗಿತ್ತು. ಬಂದೂಕು ಎಂಬ ಹೆಸರು ಕೇಳಿ ಅದನ್ನೆಲ್ಲ ಮರೆತು ಗಂಡಸರ ಅಂಗಡಿಯಲ್ಲಿ ಉತ್ತರ ಹುಡುಕುತ್ತಿದ್ದೆ.

ಮರುದಿನವೇ ಇಚಲಕರಂಜಿಗೆ ಹೋದೆ. ಅಲ್ಲಿ ನನ್ನ ನಾದಿನಿಯ ಮನೆ. ಸುತ್ತ ಎಲ್ಲ ಮಗ್ಗಗಳು, ಹಗಲೆಲ್ಲ ಖಟಖಟ ಶಬ್ದ. ಅಲ್ಲಿ ಮಾತಾಡುವವರು ಕೂಗಿಯೇ ಮಾತಾಡಬೇಕು. ನಾದಿನಿ ಮನೆಯಲ್ಲೇ ನಾಲ್ಕು ಮಷಿನ್ ಇಟ್ಟುಕೊಂಡು ಪರಕರ ಹೊಲಿಸಿ ಅಂಗಡಿಗಳಿಗೆ ಕೊಡುತ್ತಾಳೆ. ನಾನು ಬಂದ ಕಾರಣ ಗುಟ್ಟಾಗಿ ಹೇಳಲು ಹೋದರೆ ಅವಳಿಗೆ ಕೇಳಲಿಲ್ಲ.

"ಏನಂದ್ರಿ ವೈನಿ? ಯಾರಿಗೆ ಪಿಸ್ತೂಲ?" ಎಂದು ಕೂಗಿದಳು.

ಅವಳ ಬಾಯಿ ಮುಚ್ಚಿ ಒಳಕೋಣೆಗೆ ಎಳೆದುಕೊಂಡು ಹೋದೆ. ವಿಷಯ ತಿಳಿದ ಮೇಲೆ ಅವಳಿಗೆ ಹುರುಪು ಬಂತು. ಬ್ಯಾಗು ಹೊಲಿಯುವ ದಪ್ಪ ಕ್ಯಾನ್ವಾಸ್ ತಂದಳು. ನಾಲ್ಕು ಬೆರಳು ಅಗಲದ ಪಟ್ಟಿ ಮಾಡಿ, ಎರಡು ಪದರು ಸೇರಿಸಿ, ಲಾಡಿಯ ಬದಲು ಪರಕರಕ್ಕೇ ಹೊಲಿದಳು. ಮುಂದೆ ಎರಡು ಗಟ್ಟಿ ಬಕಲು. ಅದು ಸರಿಯಾಗಿ ಟೊಂಕದ ಎಲುಬಿನ ಮೇಲೆ ಕೂರುತ್ತಿತ್ತು. ಅದಕ್ಕೆ ತಕ್ಕಡಿಯ ಒಂದು ಸೇರಿನ ಬಟ್ಟು ಕಟ್ಟಿ, "ನಡೀರಿ" ಎಂದಳು. ಮಹಡಿಯ ಮೆಟ್ಟಿಲು ಹತ್ತಿಸಿದಳು, ಇಳಿಸಿದಳು. ನೆಲ ಒರೆಸಲು ಹೇಳಿದಳು. ನಾನು ಬಗ್ಗಿ ಅವಳ ಅಡಿಗೆಮನೆಯ ನೆಲ ಪೂರ್ತಿ ಒರೆಸಿದೆ. ಬಟ್ಟು ಅಲುಗಲಿಲ್ಲ.

"ಇದು ಪರೀಕ್ಷೆಯೋ ನಿನ್ನ ಮನಿ ಕೆಲಸಾನೋ?" ಎಂದೆ.

"ಎರಡೂ ಆತಲ್ರಿ" ಎಂದಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಕ್ಕ ಹಾಗೆ ಆ ದಿನ ನಾವಿಬ್ಬರೂ ನಕ್ಕೆವು.

ಪಟ್ಟಿಯಾಯಿತು, ಇನ್ನು ಹೋಲ್ಸ್ಟರು ಬೇಕು. ಕೊಲ್ಹಾಪುರದಲ್ಲಿ ನಾನು ಯಾವಾಗಲೂ ಚಪ್ಪಲಿ ತೆಗೆದುಕೊಳ್ಳುವ ಒಬ್ಬ ಮುದುಕಪ್ಪ ಇದ್ದಾರೆ. ನಿಪ್ಪಾಣಿ ಕಡೆಯಿಂದ ಬಂದವರು, ನನ್ನ ಜೊತೆ ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಾರೆ. ಅವರು ಮಾಡಿದ ಚಪ್ಪಲಿ ನನ್ನ ಕಾಲನ್ನು ಎಂದೂ ಕಚ್ಚಿಲ್ಲ. ಚರ್ಮ ತಿಳಿದವರು ಅವರಲ್ಲದೆ ಇನ್ಯಾರು? ಸುಬೇದಾರರ ಹತ್ತಿರ ಹೊಸಬರಿಗೆ ಕಲಿಸಲು ನನ್ನ ರಿವಾಲ್ವರಿನ ಅಳತೆಯದೇ ಒಂದು ಸಾಗವಾನಿ ಕಟ್ಟಿಗೆಯ ಮಾದರಿ ಇತ್ತು. ಅದನ್ನು ಕೇಳಿಕೊಂಡು ಒಯ್ದು ಅವರ ಮುಂದಿಟ್ಟೆ.

ಮುದುಕಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೂ ಕಾಲs ಐತ್ರಿ. ಹಿಮ್ಮಡ ಐತಿ, ಬೆರಳ ಐತಿ" ಎಂದು ಹಿಡಿಯನ್ನೂ ನಳಿಗೆಯನ್ನೂ ತೋರಿಸಿದರು. ಆಮೇಲೆ ಚಪ್ಪಲಿಗೆ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ದಿನಕ್ಕೆ ಎಷ್ಟು ತಾಸು? ನಿಂತ ಕೆಲಸವೋ ಕೂತ ಕೆಲಸವೋ? ಬೆವರು ಹೆಚ್ಚೋ? ಯಾವ ಹೋಲ್ಸ್ಟರ್ ಅಂಗಡಿಯಲ್ಲೂ ನನಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವರ ಹೆಂಡತಿ ಬಂದು ನನ್ನ ಪಟ್ಟಿಯ ಅಗಲ ಅಳೆದುಕೊಂಡರು.

ಹದಿನೈದು ದಿನ ಬಿಟ್ಟು ಹೋದೆ. ಚರ್ಮವನ್ನು ನೀರಿನಲ್ಲಿ ನೆನೆಸಿ, ಆ ಕಟ್ಟಿಗೆಯ ಮೇಲೆ ಒತ್ತಿ ಕಟ್ಟಿ, ನೆರಳಿನಲ್ಲಿ ಒಣಗಿಸಿದ್ದರು. ಮಾದರಿ ಒಳಗೆ ಹೋಗುವಾಗ ಮೆತ್ತಗೆ 'ಟಕ್' ಎಂದು ಕೂತುಕೊಂಡಿತು. ತಲೆಕೆಳಗು ಮಾಡಿ ಝಾಡಿಸಿದರೂ ಬೀಳಲಿಲ್ಲ. ಕುದುರೆ ಪೂರ್ತಿ ಮುಚ್ಚಿತ್ತು, ಹಿಡಿ ಮಾತ್ರ ಕೈಗೆ ಸಿಗುವಂತಿತ್ತು. ಹಿಂದೆ ಮೆತ್ತನೆಯ ಚರ್ಮದ ಅಸ್ತರು. ಅಂಚಿಗೆ ಚಪ್ಪಲಿಗೆ ಹಾಕುವಂಥ ಹೆಣಿಕೆ, ಮೂಲೆಯಲ್ಲಿ ಒಂದು ಸಣ್ಣ ಕೆಂಪು ಗೊಂಡೆ.

ನನಗೆ ನಗು ಬಂತು. "ಯಾರಿಗೂ ಕಾಣಬಾರ್ದು ಅಂತ ಮಾಡ್ಸಿದ್ದಕ್ಕ ಗೊಂಡೆ ಯಾಕ್ರಿ ಮಾಮಾ?"

"ತುಮ್ಹಾಲಾ ದಿಸತೆ ನಾ? ನಿಮಗ ಕಾಣ್ತೈತಲ್ಲ, ಸಾಕಲ್ರಿ" ಎಂದರು ಅವರು. "ನನ್ನ ಕೈಯಾಗಿಂದ ಬೋಳ ವಸ್ತು ಹ್ಯಾಂಗ ಕೊಡ್ಲಿ?"

ಮನೆಗೆ ತಂದು, ಖಾಲಿ ರಿವಾಲ್ವರು ಇಟ್ಟು, ಕಟ್ಟಿಕೊಂಡು ಓಡಾಡಿದೆ. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಹೆಜ್ಜೆ ಹೆಜ್ಜೆಗೂ 'ಕರ್, ಕರ್' ಎಂಬ ಸದ್ದು. ಹೊಸ ಕೊಲ್ಹಾಪುರಿ ಚಪ್ಪಲಿಯ ಸದ್ದಿಗೆ ಜನ ಹೆಚ್ಚಿಗೆ ದುಡ್ಡು ಕೊಡುತ್ತಾರೆ. ಆದರೆ ಅದು ಸೊಂಟದಿಂದ ಬಂದರೆ? ದೇವರ ಮುಂದೆ ಕೂತಿದ್ದ ಅತ್ತೆ ತಿರುಗಿ ನೋಡದೆಯೇ ಗದರಿದರು: "ಮನಿಯೊಳಗ ಚಪ್ಪಲ ಹಾಕ್ಕೊಂಡ ಅಡ್ಡಾಡಬ್ಯಾಡ ಅಂತ ಎಷ್ಟ ಸಲ ಹೇಳಬೇಕ?"

"ಬರಿಗಾಲಾಗ ಅದೀನ್ರಿ ಅತ್ತಿ."

ಅವರು ತಿರುಗಿದರು. ನನ್ನ ಕಾಲು ನೋಡಿದರು. ನಾನು ಎರಡು ಹೆಜ್ಜೆ ನಡೆದೆ. ಕರ್, ಕರ್. ಅವರ ಕೈಯಲ್ಲಿದ್ದ ವಿಭೂತಿಯ ಗಟ್ಟಿ ನಗುವಿನ ಭರಕ್ಕೆ ನೆಲಕ್ಕೆ ಬಿತ್ತು.

ಮುದುಕಪ್ಪ ಅದನ್ನು ಕೇಳಿ ಮೊದಲು ಖುಷಿಪಟ್ಟರು, ಸದ್ದು ಬಂದರೆ ಚರ್ಮ ಅಸಲಿ ಎಂದು. ಆಮೇಲೆ ಎರಡು ಪದರು ಉಜ್ಜುವ ಜಾಗ ಹುಡುಕಿ, ಮೇಣ ತಿಕ್ಕಿ, ಒಂದು ಹೊಲಿಗೆ ಬಿಚ್ಚಿ ಮತ್ತೆ ಹಾಕಿದರು. ಸದ್ದು ನಿಂತಿತು. ಜನರಿಗೆ ಕರಕರ ಎನ್ನುವ ಚಪ್ಪಲಿ ಮಾಡುತ್ತಲೇ ಮುದುಕನಾದ ತನಗೆ, ಸದ್ದು ಮಾಡದ ವಸ್ತು ಮಾಡಲು ಹೇಳಿದವಳು ನಾನೊಬ್ಬಳೇ ಎಂದರು.

ಸುಬೇದಾರರು ಹೋಲ್ಸ್ಟರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಪರೀಕ್ಷಿಸಿದರು. ನನ್ನನ್ನು ಓಡಿಸಿದರು, ಕೂರಿಸಿದರು, ಕಾರಿನೊಳಗೆ ಹತ್ತಿಸಿ ಇಳಿಸಿದರು. ಕೊನೆಗೆ, "ಇವತ್ತ ತುಂಬ್ರಿ" ಎಂದರು. ಆರು ಗುಂಡು ಒಂದೊಂದಾಗಿ ಒಳಗೆ ಹೋದವು. ಸೆರಗು ಸರಿಮಾಡಿಕೊಂಡು ನಿಂತಾಗ ಸುಬೇದಾರರು ಇನ್ನೊಂದು ಮಾತು ಹೇಳಿದರು.

"ಕಡೀ ಪಾಠ ಇದು. ಇದು ಸೊಂಟದಾಗ ಇದ್ದ ದಿನ ನೀವು ಎಲ್ಲಾ ಜಗಳಾ ಸೋಲಬೇಕು. ಗೆಲ್ಲಾಕ ಹೋಗೂ ಹಂಗಿಲ್ಲ."

ನನಗೆ ಇದು ಎಷ್ಟು ಕಷ್ಟದ ಪಾಠವೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ಬಾಯಿಗೆ ಇಡೀ ಪೇಟೆ ಹೆದರುತ್ತಿತ್ತು. ಕೊತ್ತಂಬರಿ ಕಟ್ಟು ಸಣ್ಣದಿದ್ದರೂ ನಾನು ಬಿಡುತ್ತಿರಲಿಲ್ಲ. ಅಂಗಡಿಯ ಮುಂದೆ ಯಾರಾದರೂ ಗಾಡಿ ಅಡ್ಡ ನಿಲ್ಲಿಸಿದರೆ ಅವರ ಏಳು ತಲೆಮಾರು ನೆನೆಸಿಕೊಳ್ಳುವಂತೆ ಮಾಡುತ್ತಿದ್ದೆ.

ಪರೀಕ್ಷೆ ಆ ವಾರವೇ ಬಂತು. ಚಂದಗಡದಿಂದ ಮರಳುತ್ತಿದ್ದಾಗ, ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದ್ದ ನನ್ನ ಕಾರಿಗೆ ಒಬ್ಬ ಮನುಷ್ಯ ತನ್ನ ಗಾಡಿಯನ್ನು ಹಿಂದೆ ತೆಗೆಯುತ್ತ ಗುದ್ದಿದ. ಕನ್ನಡಿ ಮುರಿದು ಬಿತ್ತು. ತಪ್ಪು ಪೂರ್ತಿ ಅವನದು. ಆದರೂ ಇಳಿದು ಬಂದವನೇ ನನ್ನ ಮೇಲೆ ಕೂಗಾಡಿದ, ಹೆಂಗಸರಿಗೆ ಗಾಡಿ ನಿಲ್ಲಿಸಲು ಬರುವುದಿಲ್ಲ ಎಂದ. ನನ್ನ ನಾಲಿಗೆಯ ತುದಿಗೆ ಎಂಥೆಂಥ ಮಾತು ಬಂದು ನಿಂತವೋ! ಬಲ ಸೊಂಟದ ಮೇಲಿನ ಭಾರ ನೆನಪಾಯಿತು. ಎಲ್ಲವನ್ನೂ ನುಂಗಿದೆ.

"ನಂದs ತಪ್ಪಾತ್ರಿ ಅಣ್ಣಾರ. ಗಾಡಿ ಇನ್ನಷ್ಟ ಬದಿಗೆ ಹಚ್ಚಬೇಕಿತ್ತು" ಎಂದೆ.

ಜಗಳಕ್ಕೆ ಎದುರಾಳಿಯೇ ಇಲ್ಲವಾದಾಗ ಮನುಷ್ಯ ಎಷ್ಟು ಹೊತ್ತು ಕೂಗಿಯಾನು? ಮೊದಲು ಅವನ ದನಿ ಇಳಿಯಿತು. ಆಮೇಲೆ ಮುರಿದ ಕನ್ನಡಿ ಎತ್ತಿಕೊಂಡು ನೋಡಿದ. "ನಾನೂ ಹಿಂದ ನೋಡ್ಲಿಲ್ಲ ಬಿಡ್ರಿ ಅಕ್ಕಾರ" ಎಂದ. ಕೊನೆಗೆ ಚಹಾ ಹೇಳಿದವನು ಅವನೇ. ಮನೆಯಲ್ಲಿ ನಡೆದ ಯಾವುದೋ ಮಾತಿನ ಸಿಟ್ಟಿನಲ್ಲಿದ್ದನಂತೆ, ಅದನ್ನೂ ಹೇಳಿಕೊಂಡ. ಮುಂದಿನ ಊರಿನ ಗ್ಯಾರೇಜಿನ ತನಕ ನನ್ನ ಕಾರಿನ ಹಿಂದೆಯೇ ಬಂದು, ಹೊಸ ಕನ್ನಡಿ ಹಾಕಿಸಿಕೊಟ್ಟೇ ಹೋದ.

ಸಂಜೆ ಗಂಡನಿಗೆ ಹೇಳಿದೆ. ಅವರು ಕೇಳಿ ಮುಗುಳ್ನಕ್ಕರು.

"ನಾ ಇಪ್ಪತ್ತ ವರ್ಷ ಯಾರ ಕೂಡೂ ಯಾಕ ಜಗಳಾ ಮಾಡ್ಲಿಲ್ಲ ಅಂತ ಈಗ ತಿಳೀತೇನ?"

ಈ ಮನುಷ್ಯ ಪೇಟೆಯಲ್ಲಿ ಯಾರು ಏನೆಂದರೂ ತಲೆ ತಗ್ಗಿಸಿ ಬರುತ್ತಾರಲ್ಲ, ಇವರಿಗೆ ಧೈರ್ಯವೇ ಇಲ್ಲ ಎಂದು ನಾನು ಎಷ್ಟು ಸಲ ಮನಸ್ಸಿನಲ್ಲಿ ಬೈದುಕೊಂಡಿದ್ದೆ. ಒಮ್ಮೊಮ್ಮೆ ಬಾಯಿಬಿಟ್ಟು ಅಂದೂ ಇದ್ದೆ.

"ಮತ್ತ ಮನ್ಯಾಗ? ಮನ್ಯಾಗ ಅದನ್ನ ತಿಜೋರಿಯೊಳಗ ಇಡ್ತಿದ್ರಿ. ಆದ್ರೂ ನನ್ನ ಮುಂದ ಯಾಕ ಸೋಲತಿದ್ರಿ?"

"ರೂಢಿ ಆಗಿಬಿಡ್ತು" ಎಂದರು ಅವರು.

ಆ ರಾತ್ರಿ ನಾನು ಅವರಿಗೆ ಇಷ್ಟವಾದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಕುಟ್ಟಿದೆ. ಕ್ಷಮೆ ಕೇಳಲು ನನಗೆ ಬೇರೆ ದಾರಿ ತಿಳಿಯುವುದಿಲ್ಲ.

ರೂಢಿ ನನಗೂ ಆಯಿತು. ಯಾವಾಗ ಆಯಿತೆಂದು ಹೇಳಲಾರೆ. ಮೊದಲ ತಿಂಗಳು ದಾರಿಯಲ್ಲಿ ಎದುರಾದವರೆಲ್ಲ ನನ್ನ ಸೊಂಟವನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ಕೈ ತಾನಾಗಿ ಹೋಗಿ ಸೆರಗನ್ನು ತಡವುತ್ತಿತ್ತು. ಹಾಗೆ ತಡವುವುದೇ ಗುಟ್ಟು ಬಿಟ್ಟುಕೊಟ್ಟಂತೆ ಎಂದು ಗಂಡ ನೂರು ಸಲ ಎಚ್ಚರಿಸುತ್ತಿದ್ದರು. ಆಮೇಲೆ ಒಂದು ದಿನ ಕೊಲ್ಹಾಪುರದಲ್ಲಿ ಮಾಲು ಆರಿಸುತ್ತ, ಹೊಸ ನಮೂನೆಯ ಕಾಲುಂಗುರ ನೋಡುತ್ತ, ಮಧ್ಯಾಹ್ನವಾದರೂ ಅದರ ನೆನಪೇ ಆಗಿರಲಿಲ್ಲ. ನೆನಪಾದಾಗ ಭಯವಾಗಲಿಲ್ಲ. ಇದ್ದಲ್ಲೇ ಇದೆ ಎಂದು ಮೈಗೆ ಗೊತ್ತಿತ್ತು. ಜಾತ್ರೆ, ಮದುವೆ, ಗುಡಿ ಎಂದರೆ ಅದನ್ನು ಒಯ್ಯುವುದಿಲ್ಲ. ಮನೆಗೆ ಬಂದ ಕೂಡಲೇ ಗುಂಡು ತೆಗೆದು ತಿಜೋರಿಗೆ ಸೇರಿಸುತ್ತೇನೆ. ಮೂರು ವರ್ಷವಾಯಿತು. ಗುರಿ ಹೊಡೆಯುವ ಕಾಗದವನ್ನು ಬಿಟ್ಟು ಬೇರೆ ಯಾವುದರ ಕಡೆಗೂ ಅದನ್ನು ತಿರುಗಿಸಿಲ್ಲ.

ಮೊನ್ನೆ ಒಂದು ಬೆಳಗ್ಗೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಹೊರಡುವ ತಯಾರಿಯಲ್ಲಿದ್ದೆ. ಗಂಡ ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಇವತ್ತ ಕಟ್ಟಿಕೊಂಡಿಲ್ಲೇನ?"

"ನೀವs ಹೇಳ್ರಿ."

"ಇಲ್ಲ. ಕಟ್ಟಿಕೊಂಡಿಲ್ಲ."

"ಸರಿಯಾಗಿ ನೋಡ್ರಿ."

"ತಿರುಗು ನೋಡೂಣು." ತಿರುಗಿದೆ. "ಬಗ್ಗು." ಬಗ್ಗಿದೆ. "ಬಲಕ್ಕ ಕಾಣವಲ್ದು. ಎಡಕ್ಕ ಐತೇನ? ಇಲ್ಲ. ಬೆನ್ನಿಗೆ? ಉಹೂಂ. ಏ, ಸುಳ್ಳ ಹೇಳಾಕತ್ತಿ ನೀನು, ತಿಜೋರಿಯೊಳಗs ಐತಿ."

ಅವರೇ ಎದ್ದು ಹೋಗಿ ತಿಜೋರಿ ತೆರೆದು ನೋಡಿದರು. ಖಾಲಿ. ಅಲ್ಲೇ ನಿಂತು ತಲೆಯಾಡಿಸಿದರು. ಇಪ್ಪತ್ತು ವರ್ಷ ಅದನ್ನೇ ಸೊಂಟದಲ್ಲಿಟ್ಟುಕೊಂಡು ತಿರುಗಿದವರಿಗೆ ಅದು ಎಲ್ಲಿದೆ ಎಂದು ಹೇಳಲಾಗಲಿಲ್ಲ. ಅವರ ಮುಖದಲ್ಲಿ ಸೋಲಿನ ಬೇಸರ ಇರಲಿಲ್ಲ. ಮಗ ಸೈಕಲ್ ಕಲಿತ ದಿನ ಹಿಂದಿನಿಂದ ಕೈ ಬಿಟ್ಟು ನಿಂತು ನೋಡಿದ್ದರಲ್ಲ, ಅಂಥ ಮುಖ.

"ನಂದಕ್ಕಿಂತ ಚಲೋ ಕಟ್ಟತಿ ಬಿಡು" ಎಂದರು.

ಒಳಗಿನಿಂದ ಅತ್ತೆಯ ದನಿ ಬಂತು: "ಏನ ನಡಿಸೀರಿ ಗಂಡ ಹೆಂಡ್ತಿ ಮುಂಜಾನೆದ್ದು, ತಿರುಗು ಬಗ್ಗು ಅಂತ? ಗಿರಾಕಿ ಬಂದು ನಿಂತಾರ ನೋಡ್ರಿ."

ಬಾಗಿಲಲ್ಲಿ ತಾಯಿ ಮಗಳು ನಿಂತಿದ್ದರು, ಮೂಗುಬೊಟ್ಟು ನೋಡಲು ಬಂದವರು. ಗಂಡ ಲಗುಬಗೆಯಿಂದ ತಿಜೋರಿ ಹಾಕಿದರು. ನಾನು ಬರ್ರಿ ಬರ್ರಿ ಎನ್ನುತ್ತ ಗಾದಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂತು, ಪೆಟ್ಟಿಗೆ ಬಿಚ್ಚಿದೆ.